ಮುಗಿದ ಕೈ

ಬಸ್ಸಿನ ಕಿಟಕಿಯಲ್ಲಿ ಮಧುಗಿರಿಯ ಬಂಡೆ ತಿರುವಿನಾಚೆ ಜಾರಿ ಮತ್ತೆ ಬಂತು, ಇಷ್ಟು ದೊಡ್ಡದು ಸುಲಭಕ್ಕೆ ಹಿಂದೆ ಉಳಿಯುವುದಿಲ್ಲ ಎಂದುಕೊಂಡಳು ಗಂಗಾಂಬಿಕಾ, ಹೆಬ್ಬೆರಳು ಮಾತ್ರ ಮಡಿಲಲ್ಲಿದ್ದ ಫೋನಿನ ಗಾಜನ್ನು ತಾನಾಗಿಯೇ ಸವರುತ್ತಿತ್ತು, ಬೆಳಿಗ್ಗೆ ಸವರಿದಂತೆಯೇ — ಬೆಳಿಗ್ಗೆ ಕುಕ್ಕರು ಕೂಗುವ ಮೊದಲು ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಗುಲಾಬಿಯ ಶುಭೋದಯ, ಯಾರದೋ ಗೃಹಪ್ರವೇಶ, ಕೆಳಗೆ ಓಂ ಶಾಂತಿ, ಓಂ ಶಾಂತಿ, ಸಾಲಾಗಿ ಮುಗಿದ ಕೈಗಳು, ಬಳಗ ದೊಡ್ಡದು, ಆಗಾಗ ಯಾರಾದರೂ ಹೋಗುತ್ತಲೇ ಇರುತ್ತಾರೆ, ಎಲ್ಲರೂ ಕೈ ಮುಗಿದಾಗ ತಾನೊಬ್ಬಳು ಬಿಟ್ಟರೆ ಸೊಕ್ಕು ಅನ್ನುತ್ತಾರೆ, ಅವಳೂ ಒತ್ತಿದಳು, ಮಣಿಕಟ್ಟಿಗೇ ನಿಂತುಹೋಗುವ, ಯಾರದೂ ಅಲ್ಲದ ಆ ಎರಡು ಹಳದಿ ಕೈ, ಒತ್ತಿ, ಒಲೆ ಸಣ್ಣ ಮಾಡಿ, ಕಾಫಿ ಕುಡಿದು — ಕಾಫಿಯನ್ನೂ ಕುಡಿದಳು — ಆಮೇಲೆ ಯಾರಪ್ಪಾ ಹೋದದ್ದು ಎಂದು ಮೇಲಕ್ಕೆ ಸರಿಸಿದರೆ ಅಕ್ಕ. ಕರಿಬಸಕ್ಕ. ಮೊಮ್ಮಗನ ನಾಮಕರಣದ ಫೋಟೋ, ಪಕ್ಕದಲ್ಲಿದ್ದ ತನ್ನನ್ನು ಕತ್ತರಿಸಿ ಅಕ್ಕನನ್ನಷ್ಟೇ ಉಳಿಸಿದ್ದಾರೆ, ಅವಳ ಹೆಗಲ ಮೇಲೆ ತನ್ನ ಬೆರಳುಗಳು ಇನ್ನೂ ಇವೆ. ಯಾಕೋ ಭೀಮರಾಜು, ಒಂದು ಫೋನ್ ಮಾಡ್ಬಾರ್ದಾಗಿತ್ತೇನೋ ಎಂದು ಅಕ್ಕನ ಮಗನನ್ನು ಕೇಳಿದರೆ, ಗ್ರೂಪಿಗೆ ಹಾಕಿದ್ನಲ್ಲ ಚಿಕ್ಕಮ್ಮ, ನೀವೂ ಕೈ ಮುಗ್ದಿದ್ರಿ, ನೋಡ್ಬುಟ್ರು ಅಂತ ಸುಮ್ನಾದೆ. ಅವನ ದನಿಯಲ್ಲಿ ಆಕ್ಷೇಪವೂ ಇರಲಿಲ್ಲ, ಅವಳು ಒಲೆ ಆರಿಸಿ ಬಸ್ಸಿಗೆ ಹೊರಟಳು. ಹಿಂದೆ ಸಾವಿನ ಸುದ್ದಿಗೆ ಮನುಷ್ಯ ಬರುತ್ತಿದ್ದ, ಹೊಸಿಲು ದಾಟುತ್ತಿರಲಿಲ್ಲ, ನೀರು ಕೊಟ್ಟರೂ ಮುಟ್ಟುತ್ತಿರಲಿಲ್ಲ, ವಸಿ ಉಸಾರಿಲ್ಲ ಕಣಮ್ಮ, ಬರ್ಬೇಕಂತೆ ಅನ್ನುತ್ತಿದ್ದ, ಅಷ್ಟರಲ್ಲೇ ತಿಳಿಯುತ್ತಿತ್ತು, ಅವನು ತಿರುಗಿ ಹೋಗುವುದರೊಳಗೆ ಎದೆಯಲ್ಲಿ ಅಳುವಿನ ಮೊದಲ ಮಾತು ಹುಟ್ಟಿರುತ್ತಿತ್ತು.

ಸಿರಾದಲ್ಲಿ ಬಸ್ಸು ಬದಲಿಸಿದಳು, ಇನ್ನು ಕಳ್ಳಂಬೆಳ್ಳ, ಕೆರೆ ಕಂಡರೆ ಊರು, ಬೀದಿಯ ತಿರುವಿನಿಂದಲೇ ಹಾಡಿಕೊಂಡು ಅಳುತ್ತ ಹೋಗಬೇಕು, ಅವ್ವ ಹೋದಾಗ ಅವಳು ಅತ್ತದ್ದಕ್ಕೆ ತಮಟೆಯವರೇ ಬಾರಿಸುವುದನ್ನು ನಿಲ್ಲಿಸಿದ್ದರು. ಕಲಿಸಿದವಳು ಅಕ್ಕನೇ, ಅವರು ಉಂಡಿದ್ದು ಉಟ್ಟಿದ್ದು ಹೇಳಿ ಅಳ್ಬೇಕು ಕಣೇ, ಇಲ್ದಿದ್ರೆ ಯಾರ್ಗೆ ಅಳ್ತಾವ್ರೆ ಅಂತ ಹೋದೋರ್ಗೆ ಹೆಂಗೆ ಗೊತ್ತಾಗ್ಬೇಕು, ನನ್ ಸೊಸೆ ಅಳೋದು ಮಿಕ್ಸಿ ತಿರುಗ್ದಂಗೆ, ಒಂದೇ ಸದ್ದು, ನಂಗೆ ನೀನೇ ಅಳ್ಬೇಕು, ಮಾತು ಕೊಡು. ನಗುತ್ತ ಕೊಟ್ಟಿದ್ದಳು. ಈಗ ಕಣ್ಣು ಮುಚ್ಚಿ ಹುಡುಕುತ್ತಾಳೆ, ಅಕ್ಕ ಉಂಡಿದ್ದು, ಅವರೆಕಾಳು, ಅಲ್ಲ, ಅದರ ಮುಂದಿನ ಮಾತು — ಅಗಲಿದ ಆತ್ಮಕ್ಕೆ ಚಿರಶಾಂತಿ ಸಿಗಲಿ, ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ — ಥೂ, ಇದಲ್ಲ, ಅಕ್ಕ ಉಟ್ಟಿದ್ದು, ಹಸಿರು ಸೀರೆ, ಹಸಿರು ಸೀರೆಯ ನನ್ನಕ್ಕಾ — ಭಾವಪೂರ್ಣ ಶ್ರದ್ಧಾಂಜಲಿ. ಯಾರು ತುಂಬಿದರು ಇವನ್ನು, ಯಾವಾಗ, ಅವಳೇ ಅಲ್ಲವೇ, ಒಂದೊಂದಾಗಿ, ಕಂಡವರಿಗೆಲ್ಲ ಕಳಿಸಿ ಕಳಿಸಿ.

ಬೀದಿಯ ತಿರುವಿನಲ್ಲಿ ಬಾಯಿ ಬರಲಿಲ್ಲ. ಬಾಗಿಲಲ್ಲಿ ಮುದುಕಿ ಚಿಕ್ಕಹನುಮಕ್ಕ ಹೆಂಗಸರನ್ನು ಸರಿಸುತ್ತಿದ್ದಾಳೆ, ಗಂಗಮ್ಮ ಬಂದ್ಲು ಜಾಗ ಬುಡ್ರೇ, ಅಳೋದು ಅಂದ್ರೆ ಹೆಂಗೆ ಅಂತ ಈಗ ಕೇಳ್ರಿ. ಹೆಂಗಸರು ಜಾಗ ಬಿಟ್ಟರು, ಅಕ್ಕನ ಸೊಸೆಯ ಮಿಕ್ಸಿಯೂ ನಿಂತಿತು, ಯಾರೋ ಫೋನ್ ಎತ್ತಿ ಹಿಡಿದರು, ಅವಳು ಕೂತಳು, ಅಕ್ಕಾ ಎಂದಳು, ಅಷ್ಟೇ, ಅದರ ಮುಂದೆ ಬಯಲು, ಎಲ್ಲರೂ ಕಾಯುತ್ತಿದ್ದಾರೆ, ಅಕ್ಕನೂ ಕಾಯುತ್ತಿದ್ದಾಳೆ, ಯಾರ್ಗೆ ಅಳ್ತಾವ್ರೆ ಅಂತ ಹೆಂಗೆ ಗೊತ್ತಾಗ್ಬೇಕು — ಹೊಸ ಸೀರೆಯನ್ನು ಮಣಿಕಟ್ಟಿನವರೆಗೆ ಹೊದಿಸಿದ್ದಾರೆ, ಹೆಬ್ಬೆರಳುಗಳನ್ನು ಜೋಡಿಸಿ ದಾರ ಕಟ್ಟಿದ್ದಾರೆ, ಮುತ್ತೈದೆಯೆಂದು ದಪ್ಪಗೆ ಅರಿಶಿನ ಬಳಿದಿದ್ದಾರೆ, ಎದೆಯ ಮೇಲೆ ಎರಡು ಹಳದಿ ಕೈ, ಮುಗಿದ ಕೈ, ಎರಡು ಹಳದಿ ಕೈ.