ಸಡಿಲ ಕೈ

ಗಾಳದ ಬೆಂಡು ಒಮ್ಮೆ ತಲೆಯಾಡಿಸಿತು. ಎರಡನೆಯ ಸಲಕ್ಕೆ ಗುಳುಕ್ಕನೆ ನೀರೊಳಗೆ ಹೋಯಿತು.

"ಖೀಂಚ್ ಗೇ! ಖೀಂಚ್!" ಖಲೀಮುಲ್ಲಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೂಗಿದ.

"ಎಳಿಯಮ್ಮ ಅಜೀಜಮ್ಮ, ಎಳಿ!" ಪಕ್ಕದಲ್ಲಿ ನಿಂತಿದ್ದ ವೆಂಕಟರಾಮಪ್ಪನೂ ಕೂಗಿದ.

ಎಳೆಯಬೇಕೆಂದೇ ಇದ್ದಳು ಅಜೀಜಾ. ಆದರೆ ದಾರ ಬಿಗಿಯಾದದ್ದು ಬೆರಳಿಗೆ ತಿಳಿದದ್ದೇ ತಡ, ಕೈ ತನ್ನಷ್ಟಕ್ಕೆ ತಾನೇ ಸಡಿಲವಾಗಿ ಗೇಣುದ್ದ ದಾರವನ್ನು ನೀರಿಗೆ ಬಿಟ್ಟುಕೊಟ್ಟಿತು. ಮೀನು ಎರೆಯನ್ನು ತಿಂದು ಗಾಳವನ್ನು ಉಗಿದು ಹೋಯಿತು. ಬೆಂಡು ಮೇಲೆದ್ದು ಏನೂ ಆಗದ ಹಾಗೆ ತೇಲತೊಡಗಿತು.

"ಮೀನಿಗೆ ಊಟಕ್ಕಿಕ್ಕಿ, ಕೈ ತೊಳೆಯೋಕೆ ನೀರೂ ಕೊಟ್ಟು ಕಳಿಸ್ತಾಳೆ ನೋಡಪ್ಪ ವೆಂಕಟ್ರಾಮಪ್ಪ," ಎಂದ ಖಲೀಮುಲ್ಲಾ. "ಇಂಥ ಮರ್ಯಾದೆ ನಮ್ಮನೆ ನೆಂಟರಿಗೂ ಸಿಕ್ಕಿಲ್ಲ."

ಕೆರೆ ಏರಿಯ ಮೇಲೆ ಸಾಲಾಗಿ ಕೂತಿದ್ದವರೆಲ್ಲ ನಕ್ಕರು.

ಆ ವರ್ಷ ಹಿಂಗಾರು ಚೆನ್ನಾಗಿ ಹಿಡಿದು ಅಂಬಾಜಿದುರ್ಗದ ಬುಡದ ಕೆರೆ ಕೋಡಿ ಬಿದ್ದಿತ್ತು. ಕೋಡಿ ಬಿದ್ದಿತೆಂದರೆ ಚಿಂತಾಮಣಿಯ ಗಾಳದ ಹುಚ್ಚಿನವರು ಯಾರೂ ಭಾನುವಾರ ಮನೆಯಲ್ಲಿ ನಿಲ್ಲುವುದಿಲ್ಲ. ಟೈರ್ ಅಂಗಡಿಯ ಕೋನಪ್ಪ, ಟೊಮೆಟೊ ಮಂಡಿಯವರು, ಬಸ್ ಕಂಡಕ್ಟರು, ಎಲ್ಲರೂ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಮೀನಿಗೆ ಬರ ಬಂದರೂ ಸಂಜೆಯವರೆಗೆ ಮಾತಿಗೆ ಬರವಿಲ್ಲ. ಆದರೆ ಆ ಸಾಲಿನಲ್ಲಿ ಒಬ್ಬ ಹೆಂಗಸು ಗಾಳ ಹಿಡಿದು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅಜೀಜಾಗೂ ಇದು ಮೊದಲ ಸಲ. ಗಾಳ ಗಂಡ ಖಲೀಮುಲ್ಲಾನದು, ಕೈ ಮಾತ್ರ ಅವಳದು.

ರಂಜಾನಿಗೆ ಮುಂಚೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ನಾಲಿಗೆ ಬೇಗ ಮರಳಿತು. ಕಾಲು ಅರ್ಧ ಮರಳಿತು. ಕೈ ಮರಳಲೇ ಇಲ್ಲ. ದಿನವೂ ನಡೆದರೆ ಕಾಲು ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿ ಹೇಳಿ ಸಾಕಾಗಿದ್ದರು. ಅವನು ಗೋಡೆ ಹಿಡಿದು ಮನೆಯೊಳಗೇ ಸುತ್ತುತ್ತಿದ್ದ. ಹೊಸಿಲು ದಾಟುತ್ತಿರಲಿಲ್ಲ. ಎದೆ ಸೆಟೆದು ಓಡಾಡಿದ ಬೀದಿಯಲ್ಲಿ ಕಾಲೆಳೆದುಕೊಂಡು ಹೋಗುವುದೆ? ಮಸೀದಿ ಬೀದಿಯ ಮೂಲೆಯಲ್ಲೇ ಇತ್ತು. ಬಾಂಗ್ ಕೇಳಿದಾಗಲೆಲ್ಲ ಅವನು ಗೋಡೆಯ ಕಡೆಗೆ ಮುಖ ತಿರುಗಿಸುವುದನ್ನು ಅಜೀಜಾ ನೋಡಿಯೂ ನೋಡದವಳ ಹಾಗೆ ಇರುತ್ತಿದ್ದಳು.

ಕೆರೆ ಕೋಡಿ ಬಿದ್ದ ಸುದ್ದಿ ತಂದವನು ವೆಂಕಟರಾಮಪ್ಪ. ದುರ್ಗದ ಬುಡದಲ್ಲಿ ಹಿಪ್ಪುನೇರಳೆ ತೋಟವಿದ್ದವನು. ಅವನು ಬೆಳೆದ ರೇಷ್ಮೆಗೂಡನ್ನು ಖಲೀಮುಲ್ಲಾ ಕೊಳ್ಳುವುದು, ಅಜೀಜಾ ನೂಲು ತೆಗೆಯುವುದು, ಕೋಡಿ ಬಿದ್ದಾಗ ಗಂಡಸರಿಬ್ಬರೂ ಏರಿಯ ಮೇಲೆ ಗಾಳ ಹಾಕಿ ಕೂರುವುದು ತಲೆ ಹಣ್ಣಾಗುವವರೆಗೂ ನಡೆದು ಬಂದಿತ್ತು.

"ನಂಗೆಲ್ಲಿ ಕೈ?" ಎಂದಿದ್ದ ಖಲೀಮುಲ್ಲಾ.

"ನಂದಿದೆಯಲ್ಲ," ಎಂದಿದ್ದಳು ಅಜೀಜಾ.

ಕಾಯಿಲೆ ಬಿದ್ದ ಮೇಲೆ ಅವನು ಮೊದಲ ಸಲ ನಕ್ಕದ್ದು ಆಗ, ಅದೂ ಹೀಯಾಳಿಸುವುದಕ್ಕೆ. "ನೀನೊಂದು ಮೀನು ಹಿಡಿ, ನಾಳೆಯಿಂದ ಮಸೀದಿಗೆ ನಡ್ಕೊಂಡೇ ಹೋಗ್ತೀನಿ."

"ಹಿಡೀದೆ ಹೋದ್ರೆ?"

"ಹಿಡೀದೆ ಹೋದ್ರೆ ಈ ಮಾತು ಇನ್ನ ಎತ್ತಬಾರ್ದು. ನೀನೂ ಅಷ್ಟೆ, ಇವನೂ ಅಷ್ಟೆ, ಆ ಡಾಕ್ಟ್ರೂ ಅಷ್ಟೆ. ಇನ್ನೊಬ್ಬರ ಕೈ ಸೋಕಿದ್ರೂ ಬಾಜಿ ಹೋದಂಗೆ."

ವೆಂಕಟರಾಮಪ್ಪನೇ ಸಾಕ್ಷಿ. ಅವನೇ ಮಂಡಿಗೆ ತರಕಾರಿ ಹೊಡೆಯುವ ತನ್ನ ಗಾಡಿಯಲ್ಲಿ ಕುರ್ಚಿಯ ಸಮೇತ ಗೆಳೆಯನನ್ನು ತಂದು ಏರಿಯ ಮೇಲೆ ಇಳಿಸಿದ್ದ.

ಈಗ ನೋಡಿದರೆ ಅಜೀಜಾಳ ಕೈಯೇ ಮಾತು ಕೇಳುತ್ತಿಲ್ಲ. ಮದುವೆಯಾಗಿ ಬಂದಂದಿನಿಂದ ನೂಲು ತೆಗೆಯುವ ಬೇಸಿನ್ನಿನ ಮುಂದೆ ಕೂತ ಕೈ ಅದು. ಕುದಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಏಳುವ ನೂಲು ಕಣ್ಣಿಗೂ ಸರಿಯಾಗಿ ಕಾಣದು, ಬೆರಳಿಗಷ್ಟೇ ಗೊತ್ತು. ಬಿಗಿಯಾಯಿತೋ, ಬಿಟ್ಟುಕೊಡಬೇಕು. ಜಗ್ಗಿದರೆ ಹರಿಯಿತು, ಅಲ್ಲಿಗೆ ಕೆಲಸ ಕೆಟ್ಟಿತು. ಇಷ್ಟು ವರ್ಷ ಹಾಗೆ ಬಾಳಿದ ಬೆರಳುಗಳಿಗೆ ಒಂದೇ ಹಗಲಿನಲ್ಲಿ ಬೇರೆ ಪಾಠ ಹೇಳುವುದು ಹೇಗೆ?

ಬೇಯಿಸಿದ ರೇಷ್ಮೆಹುಳುವನ್ನು ರಾಗಿ ಹಿಟ್ಟಿನೊಂದಿಗೆ ಕಲಸಿದ ಎರೆಯ ಉಂಡೆ ಕರಗುತ್ತ ಬಂತು. ಮೀನುಗಳು ಬಂದವು, ತಿಂದವು, ಹೋದವು. ಮಧ್ಯಾಹ್ನ ಅಜೀಜಾ ಕೋಡಿಯ ನೀರಿನಲ್ಲಿ ಕೈಕಾಲು ಮುಖ ತೊಳೆದು ವುಜೂ ಮಾಡಿ, ಹುಣಸೆಮರದ ಕೆಳಗೆ ಟವೆಲ್ ಹಾಸಿ ನಮಾಜು ಮಾಡಿದಳು. ಕೊನೆಗೆ ಕೈಯೆತ್ತಿದಾಗ ಮೀನು ಕೇಳುವುದೋ, ಗಂಡನ ಕಾಲು ಕೇಳುವುದೋ ತಿಳಿಯಲಿಲ್ಲ. ದೊಡ್ಡವನಿಗೆ ಯಾವುದೂ ಹೆಚ್ಚಲ್ಲವೆಂದು ಎರಡನ್ನೂ ಕೇಳಿದಳು.

ವಾಪಸು ಬಂದಾಗ ಕೋನಪ್ಪ ಹರಿದ ದಾರ ಹಿಡಿದು ಯಾರನ್ನೋ ಬೈಯುತ್ತಿದ್ದ. "ಏನಕ್ಕಾ, ಎಮ್ಮೆ ಕರು ಕಣಕ್ಕಾ! ಜಗ್ಗಿದೆ ನೋಡು, ಪಟ್ ಅಂತು."

ಬಿಸಿಲು ಇಳಿಯಿತು. ಗಾಳಿ ಎದ್ದು ನೀರು ನಿರಿಗೆ ನಿರಿಗೆಯಾಯಿತು. ಒಬ್ಬೊಬ್ಬರಾಗಿ ಡಬ್ಬಿ ಮುಚ್ಚತೊಡಗಿದರು.

"ಇನ್ನ ಹೊರಡಣೇನಮ್ಮ?" ವೆಂಕಟರಾಮಪ್ಪ ಅವಳ ಮುಖ ನೋಡದೆ ಕೇಳಿದ.

ಗೆದ್ದವನು ಖಲೀಮುಲ್ಲಾ. ಹೊರಡಣ ಎನ್ನಬೇಕಾದವನು ಅವನೇ. ಆದರೆ ಅವನ ಕಣ್ಣು ಬೆಂಡಿನ ಮೇಲಿತ್ತು. ಅಜೀಜಾ ಕೊನೆಯ ಎರೆ ಚುಚ್ಚಿ ಬಿಸ್ಮಿಲ್ಲಾ ಎಂದು ಗಾಳ ಹಾಕಿದಾಗ, ಅವನು ಎಡಗೈಯಿಂದ ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದ. ಮೆಲ್ಲಗೆ, ಕೋನಪ್ಪನಿಗೂ ಕೇಳಿಸದಷ್ಟು ಮೆಲ್ಲಗೆ, ಹೇಳಿದ:

"ಜಗ್ಗಬೇಡ. ಹೊಸ ಗೂಡಿನ ತುದಿ ಹಿಡ್ಕೊಂಡು ಓಡೋ ನೂಲಿಗೆ ಚಟ್ ಅಂತ ಮಣಿಕಟ್ಟಲ್ಲೇ ಎಸೆದು ಸೇರಿಸ್ತೀಯಲ್ಲ, ಹಂಗೆ. ಅಷ್ಟೇ."

ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಅವನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವನೆಂದು ಬಲ್ಲಳು.

ಬೆಂಡು ಅಲುಗಲಿಲ್ಲ, ತಲೆಯಾಡಿಸಲಿಲ್ಲ. ಯಾರೋ ಕೆಳಗಿನಿಂದ ಕೈ ಹಾಕಿ ತೆಗೆದುಕೊಂಡ ಹಾಗೆ ಇದ್ದಕ್ಕಿದ್ದಂತೆ ಇಲ್ಲವಾಯಿತು. ಅಜೀಜಾಳ ಮಣಿಕಟ್ಟು ಚಟ್ಟನೆ ಹೊರಳಿತು.

ಆ ತುದಿಯಲ್ಲಿ ಏನೋ ಗಟ್ಟಿಯಾಗಿ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಎರಡು ಕಡೆಯವರೂ ಒಬ್ಬರನ್ನೊಬ್ಬರು ತೂಗಿ ನೋಡಿದ ಹಾಗಿತ್ತು. ಆಮೇಲೆ ಮೀನು ಓಡಿತು. ಬಿದಿರಿನ ಕೋಲು ಬಿಲ್ಲಾಯಿತು. ದಾರ ಸುತ್ತಿದ್ದ ಹಳೆಯ ಮರದ ರಾಟೆ ಅವಳ ಅಂಗೈಯಲ್ಲಿ ಗಿರಗಿರನೆ ತಿರುಗಿತು.

"ಹಿಡ್ಕೊಳಮ್ಮ! ಬಿಗೀ ಹಿಡಿ! ದಾರ ಮುಗೀತದೆ!" ವೆಂಕಟರಾಮಪ್ಪ ಕುಣಿದಾಡಿದ.

"ಜಗ್ಗಕ್ಕಾ!" ಎಂದ ಕೋನಪ್ಪ.

"ನೀನು ಜಗ್ಗಿದ್ದು ನೋಡಿದ್ವಲ್ಲ, ಬಾಯಿ ಮುಚ್ಚು!" ಎಂದು ಖಲೀಮುಲ್ಲಾ ಗುಡುಗಿದ.

ಅಜೀಜಾಗೆ ಯಾರ ಮಾತೂ ಬೇಕಿರಲಿಲ್ಲ. ಬೆಳಗಿನಿಂದ ಅವಳ ಮಾನ ಕಳೆದ ಅದೇ ಕೈ ಈಗ ತನ್ನ ಕೆಲಸಕ್ಕೆ ಬಂದು ಕೂತಿತ್ತು. ಬಿಗಿಯಾದಾಗ ಬಿಟ್ಟಳು, ಸಡಿಲಾದಾಗ ಸುತ್ತಿದಳು. ಮೀನು ಎಡಕ್ಕೆ ಹೋದರೆ ಅವಳ ತೋಳೂ ಎಡಕ್ಕೆ ಹೋಯಿತು. ಅದು ತಳ ಹಿಡಿದು ಮುನಿಸಿಕೊಂಡರೆ ಇವಳೂ ಸುಮ್ಮನೆ ಕಾದಳು. ಮುಳುಗುವ ಸೂರ್ಯ ಕೆರೆಗೆಲ್ಲ ತಾಮ್ರ ಬಳಿದಿದ್ದ. ಡಬ್ಬಿ ಮುಚ್ಚಿದವರೆಲ್ಲ ಬಂದು ಸುತ್ತ ನಿಂತರು. ಯಾರೂ ಸಲಹೆ ಕೊಡಲಿಲ್ಲ. ಆ ಏರಿಯ ಮೇಲೆ ಹಾಗಾದದ್ದು ಅದೇ ಮೊದಲು.

ಕೊನೆಗೆ ಮೀನು ಮೇಲೆದ್ದಿತು. ಮಗುವಿನ ತಲೆಯಷ್ಟು ದಪ್ಪ ತಲೆ, ಬೆಳ್ಳಿ ತಗಡಿನಂಥ ಪಕ್ಕೆ.

"ಒರೇ ನಾಯನಾ! ಕಾಟ್ಲಾ ಮೀನು!" ಎಂದ ಕೋನಪ್ಪ.

ಅದು ಇನ್ನೆರಡು ಸಲ ಓಡಿತು. ಎರಡು ಸಲವೂ ಅವಳು ಬಿಟ್ಟುಕೊಟ್ಟಳು. ಆಮೇಲೆ ಓಡುವುದಕ್ಕೆ ಅದಕ್ಕೇ ಮನಸ್ಸಿಲ್ಲದೆ ಪಕ್ಕಕ್ಕೆ ವಾಲಿಕೊಂಡು ದಡದತ್ತ ಬಂತು. ವೆಂಕಟರಾಮಪ್ಪ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಕೈಚಾಚಿದ.

"ಮುಟ್ಬೇಡ!" ಖಲೀಮುಲ್ಲಾನ ಕೂಗಿಗೆ ನೀರುಕೋಳಿಗಳು ಹಾರಿದವು. "ಮುಟ್ಟಿದ್ಯೋ ನೋಡು, ನಂಗೂ ನಿಂಗೂ ಮುಗೀತು! ಅವಳೇ ತೆಗೀಲಿ!"

ವೆಂಕಟರಾಮಪ್ಪ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದುಕೊಂಡ. ಅಜೀಜಾ ನಿಂತ ಸೀರೆಯಲ್ಲೇ ಮೊಳಕಾಲುದ್ದ ನೀರಿಗೆ ನಡೆದು, ಕಿವಿರಿನೊಳಗೆ ಬೆರಳು ಹಾಕಿ, ಇನ್ನೊಂದು ತೋಳಿನಿಂದ ಮೀನನ್ನು ಎದೆಗವಚಿಕೊಂಡು ಮೇಲೆ ಬಂದಳು. ಮೀನು ಒಮ್ಮೆ ಬಾಲ ಬಡಿದು ಅವಳ ಕೆನ್ನೆಗೆ ಏಟು ಕೊಟ್ಟಿತು. ಅವಳು ನಕ್ಕಳು. ಹಲ್ಲೆಲ್ಲ ಕಾಣುವ ಹಾಗೆ, ಸೆರಗು ಸರಿಪಡಿಸಿಕೊಳ್ಳುವುದನ್ನೂ ಮರೆತು ನಕ್ಕಳು. ಯಾರೋ ಶಿಳ್ಳೆ ಹೊಡೆದರು. ಕೋನಪ್ಪ ಎರಡೂ ಕೈಯಲ್ಲಿ ಎತ್ತಿ ತೂಗಿ, ಆರು ಕೇಜಿಗೆ ಒಂದು ಗ್ರಾಂ ಕಮ್ಮಿ ಇದ್ದರೆ ತನ್ನ ಅಂಗಡಿಯನ್ನೇ ಬರೆದುಕೊಡುವುದಾಗಿ ಹೇಳಿದ.

ಚಿಂತಾಮಣಿ ಸೇರಿದಾಗ ಸಂಜೆಯ ಮಗ್ರಿಬ್ ನಮಾಜು ಮುಗಿಸಿದ ಜನ ಅಂಗಡಿಗಳ ಮುಂದೆ ನಿಂತಿದ್ದರು. ವೆಂಕಟರಾಮಪ್ಪ ಗಾಡಿಯನ್ನು ಬೀದಿಯೊಳಕ್ಕೆ ತಿರುಗಿಸಿದ.

"ಇಲ್ಲೇ ನಿಲ್ಸು," ಎಂದ ಖಲೀಮುಲ್ಲಾ.

"ಮನೆ ಆ ಕೊನೇಲಿ ಕಣೋ. ಬಾಜಿ ನಾಳೆಯಿಂದ ಅಲ್ವ?"

"ನಾಳೆವರ್ಗೂ ಮೀನು ಇರ್ತದೇನೋ?"

ವೆಂಕಟರಾಮಪ್ಪ ಅವನನ್ನು ಇಳಿಸಿ, ಕೈಗೊಂದು ಕೋಲು ಕೊಟ್ಟು, ಗಾಡಿಯ ಪಕ್ಕದಲ್ಲೇ ನಿಂತ. ಅಜೀಜಾ ಮೀನನ್ನು ಮುಚ್ಚಲಿಲ್ಲ. ತೋಳಿನ ಮೇಲೆ ಅಡ್ಡವಾಗಿ ಹಾಕಿಕೊಂಡು ಮುಂದೆ ನಡೆದಳು. ಹಿಂದೆ ಒಂದು ಚಪ್ಪಲಿಯ ಸದ್ದು, ಆಮೇಲೆ ಉದ್ದಕ್ಕೆ ನೆಲ ಸವರುವ ಸದ್ದು. ಮತ್ತೆ ಚಪ್ಪಲಿ, ಮತ್ತೆ ಸವರುವುದು. ಅದು ಅಂಗಡಿ ಅಂಗಡಿಯ ಮುಂದೆ ನಿಲ್ಲುತ್ತಿತ್ತು.

"ಅರೇ, ಖಲೀಮ್ ಭಾಯ್! ಏನಿದು, ಎಲ್ಲಿ ಸಿಕ್ತು?"

"ದುರ್ಗದ ಕೆರೇಲಿ. ನಮ್ಮನೆಯವಳೇ ಹಿಡಿದಿದ್ದು. ಏಳು ಕೇಜಿ."

ಬೇಕರಿಯ ಮುಂದೆ ಅದು ಎಂಟಾಯಿತು. ಮಸೀದಿಯ ಮೂಲೆಯಲ್ಲಿ ನಾಲ್ಕಾರು ದನಿಗಳು ಒಟ್ಟಿಗೆ ಎದ್ದವು. ನಡುವೆ ಅವನ ದನಿ ಎಲ್ಲಕ್ಕಿಂತ ಮೇಲಿತ್ತು.

ಅಜೀಜಾ ಮನೆಯ ಬಾಗಿಲಿಗೆ ಬಂದು ನಿಂತಳು. ತೋಳು ಸೋತಿತ್ತು. ಮೀನಿನ ಬಾಲದಿಂದ ಹೊಸಿಲಿಗೆ ನೀರು ತೊಟ್ಟಿಕ್ಕುತ್ತಿತ್ತು. ಬೀಗಕ್ಕೆ ಕೈ ಹಾಕದೆ, ಮೀನನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು, ಬೀದಿಯ ಕಡೆಗೆ ಕಿವಿಗೊಟ್ಟು ನಿಂತಳು.