ಮರಳಿನೊಳಗಿನ ಪೆಡಲು

ಚಂಡಮಾರುತ ದಾಟಿಹೋದ ಮೇಲೆ ಊರಿನವರು ಮೊದಲು ಎಣಿಸಿದ್ದು ತಲೆಗಳನ್ನು. ಶಾಲೆಯ ಮಹಡಿಯಲ್ಲಿ ಒತ್ತೊತ್ತಾಗಿ ಕುಳಿತಿದ್ದವರು ಬೆಳಕು ಹರಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲ ಮುಖಗಳೂ ಇದ್ದವು. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎನ್ನುತ್ತಾರಲ್ಲ, ಹಾಗೆ ಜೀವಕ್ಕೆ ಬಂದದ್ದು ಚಾವಣಿಗೆ ಹೋಗಿತ್ತು. ಮೇಲಿರುವವನು ತಗಡು ಕಿತ್ತುಕೊಂಡು ಜನರನ್ನು ಬಿಟ್ಟಿದ್ದ. ಅದಕ್ಕೆ ಕೈಮುಗಿದು ಎಲ್ಲರೂ ತಂತಮ್ಮ ಮನೆಯ ಕೆಸರು ತೋಡಲು ಹೊರಟರು.

ಕಡಲ ಬೀದಿಯ ಟೈಲರಮ್ಮನ ಎಣಿಕೆಯಲ್ಲಿ ಮಾತ್ರ ಒಂದು ತಲೆ ಕಡಿಮೆ ಬರುತ್ತಿತ್ತು. ಅದು ಅವಳ ಅಮ್ಮನದು.

ಅಮ್ಮ ತೀರಿಕೊಂಡು ಕೆಲವು ವರ್ಷಗಳೇ ಆಗಿದ್ದವು. ದಂಡೆಯ ಪಕ್ಕದ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಊರಿಗೆ ಇದ್ದದ್ದು ಅದೊಂದೇ ಜಾಗ. ಈಗ ಅಲ್ಲಿ ಗೋಡೆಯೂ ಇಲ್ಲ, ಗೇಟೂ ಇಲ್ಲ, ನೆರಳಿಗಿದ್ದ ಮರಗಳೂ ಇಲ್ಲ. ಸಮಾಧಿಗಳ ಮೇಲೆ ನೆಟ್ಟಿದ್ದ ಮರದ ಹಲಗೆಗಳು ಎಲ್ಲಿಗೆ ತೇಲಿಹೋದವೋ ದೇವರೇ ಬಲ್ಲ. ಕಡಲು ತನ್ನ ಮರಳನ್ನೆಲ್ಲ ತಂದು ಹಾಸಿ, ಸ್ಮಶಾನವನ್ನೂ ದಂಡೆಯನ್ನೂ ಒಂದೇ ಮಾಡಿ ಹೋಗಿತ್ತು. ಅಷ್ಟೇ ಆಗಿದ್ದರೆ ಬೇರೆ ಮಾತು. ಒಂದು ಕಡೆ ನೆಲವನ್ನು ಕೊರೆದು, ಆಳವಾದ ಹಳ್ಳ ಮಾಡಿ, ಅಲ್ಲಿದ್ದದ್ದನ್ನೆಲ್ಲ ಎಳೆದುಕೊಂಡೂ ಹೋಗಿತ್ತು. ಅಲ್ಲಿ ಇದ್ದದ್ದು ಏನು, ಯಾರು ಎಂದು ಹೇಳಬಲ್ಲವರು ಇರಲಿಲ್ಲ.

ಅಮ್ಮನಿಗೆ ನೀರೆಂದರೆ ಭಯ. ಕಡಲ ಬೀದಿಯಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದರೂ ಪಾದ ಮುಳುಗುವಷ್ಟು ಅಲೆಗೆ ಇಳಿದವಳಲ್ಲ. ಕೊನೆಯ ದಿನಗಳಲ್ಲಿ ಮಗಳ ಕೈ ಹಿಡಿದು, ನನ್ನನ್ನು ಅಲ್ಲೇ ಮಲಗಿಸ್ತೀರಲ್ಲ, ನೀರು ಬಂದರೆ ಏನು ಮಾಡಲಿ ಎಂದು ಕೇಳಿದ್ದಳು. ಮಗಳು, "ಅಲ್ಲಿಗೆಲ್ಲ ನೀರು ಬರಲ್ಲ ಕಣಮ್ಮ" ಎಂದಿದ್ದಳು. ಆ ಮಾತು ಈಗ ಟೈಲರಮ್ಮನನ್ನು ಹಗಲೂ ರಾತ್ರಿ ಚುಚ್ಚುತ್ತಿತ್ತು. ಅಂಗಡಿಯಲ್ಲಿ ಬಟ್ಟೆಗಳು ನೆನೆದು ಮುದ್ದೆಯಾಗಿದ್ದರೂ ಅವಳು ಅತ್ತ ತಿರುಗಿ ನೋಡಲಿಲ್ಲ. ಊಟ ಸೇರಲಿಲ್ಲ, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಅಮ್ಮ ನೀರಲ್ಲಿ.

ಅಷ್ಟರಲ್ಲಿ ಪುರಸಭೆಯವರು ಸಾರಿದರು: ನಾಳೆ ಮಧ್ಯಾಹ್ನ ಮರಳೆತ್ತುವ ಯಂತ್ರ ಬರುತ್ತದೆ. ದಂಡೆಯ ರಸ್ತೆ ತೆರೆಯದೆ ಕುಡಿಯುವ ನೀರಿನ ಗಾಡಿ ಊರೊಳಗೆ ಬರುವಂತಿಲ್ಲ. ಸ್ಮಶಾನ ಎಲ್ಲಿಂದ ಎಲ್ಲಿಯವರೆಗೆ ಎಂದು ಅಷ್ಟರೊಳಗೆ ಯಾರಾದರೂ ಕೋಲು ನೆಟ್ಟು ತೋರಿಸಿದರೆ ಅದನ್ನು ಬಿಟ್ಟು ತೆಗೆಯುತ್ತೇವೆ. ಇಲ್ಲದಿದ್ದರೆ ಯಂತ್ರಕ್ಕೆ ಮರಳೆಲ್ಲ ಒಂದೇ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಯಾರಿದ ಊರಿಗೆ ನೀರು ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ?

ಟೈಲರಮ್ಮ ತಮ್ಮನ ಬಾಗಿಲಿಗೆ ಹೋದಳು. ತಮ್ಮ ವೆಲ್ಡಿಂಗ್ ಕೆಲಸದವನು. ಅಕ್ಕತಮ್ಮಂದಿರ ನಡುವೆ ಮಾತಿಗೇನೂ ಕೊರತೆಯಿರಲಿಲ್ಲ. ಆದರೆ ಅಮ್ಮನ ಸಮಾಧಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಿರಲಿಲ್ಲ. ಅದಕ್ಕೆ ಕಾರಣ ಒಂದು ಪೆಡಲು.

ಅಮ್ಮನೂ ಹೊಲಿಗೆಯವಳು. ಈ ಇಬ್ಬರನ್ನೂ ಬೆಳೆಸಿದ್ದು ಅವಳ ಕಾಲು. ಹೊಲಿಗೆ ಮೆಷಿನ್ನಿನ ಕೆಳಗೆ, ಜಾಲರಿಯ ಹಾಗೆ ಹೆಣೆದ ಎರಕದ ಕಬ್ಬಿಣದ ಪೆಡಲನ್ನು ಬೆಳಗಿನಿಂದ ಸಂಜೆಯವರೆಗೆ ತುಳಿದು ತುಳಿದು, ಅವಳ ಹಿಮ್ಮಡಿ ಬೀಳುವ ಜಾಗ ಕನ್ನಡಿಯಂತೆ ನುಣುಪಾಗಿತ್ತು. ಅವಳು ಹೋದ ಮೇಲೆ ಎಲ್ಲರಂತೆ ಹಲಗೆ ನೆಡದೆ, ತಮ್ಮ ಆ ಪೆಡಲನ್ನು ಬಿಚ್ಚಿ ತಂದು, ಸಿಮೆಂಟಿನ ಚಪ್ಪಡಿಗೆ ಎರಡು ಕಬ್ಬಿಣದ ಕಿವಿ ಕೂರಿಸಿ, ಮೊದಲಿನಂತೆಯೇ ಮೇಲೆ ಕೆಳಗೆ ಆಡುವ ಹಾಗೆ ಸಮಾಧಿಯ ಕಾಲಬುಡಕ್ಕೆ ನಿಲ್ಲಿಸಿದ್ದ. ಅಕ್ಕ ಅದನ್ನು ನೋಡಿ ಕೆಂಡವಾಗಿದ್ದಳು.

"ಸಾಯೋ ತನಕ ತುಳಿದಳು. ಸತ್ತ ಮೇಲಾದ್ರೂ ಕಾಲು ಚಾಚಿ ಮಲಗಲಿ ಅಂತ ಬಿಡಬಾರದಾ ನೀನು?"

ತಮ್ಮ ಪೆಡಲು ತೆಗೆಯಲಿಲ್ಲ. ಅಂದಿನಿಂದ ಅವನು ಹೋಗುವ ದಿನವೇ ಬೇರೆ, ಅವಳು ಹೋಗುವ ದಿನವೇ ಬೇರೆ.

ಇವತ್ತು ಅದೇ ಅಕ್ಕ ಬಂದು ಹೊಸಿಲಲ್ಲಿ ನಿಂತು, ಆ ಪೆಡಲು ನೀರಿಗೆ ತೇಲುತ್ತದೆಯೇ ಎಂದು ಕೇಳಿದಳು. ಎರಕದ ಕಬ್ಬಿಣ ತೇಲುವುದಿಲ್ಲ ಎಂದ ತಮ್ಮ. ಹಳ್ಳ ಎಳೆದುಕೊಂಡಿರದಿದ್ದರೆ ಅದು ಅಲ್ಲೇ ಮರಳಡಿ ಇರಬೇಕು ಎಂದಳು ಅಕ್ಕ. ಆಮೇಲೆ ತಮ್ಮ ಅಂಗಿ ಹಾಕಿಕೊಂಡ. ಇಬ್ಬರೂ ಕ್ಷೌರದಂಗಡಿಯ ಕಡೆ ನಡೆದರು.

ಊರಿನ ಕ್ಷೌರಿಕನಿಗೆ ಪೀಂಪೀಂ ಎಂದು ಹೆಸರು. ಕರೆಂಟಿಲ್ಲದ ದಿನ ಅಂಗಡಿ ಮುಚ್ಚಿ, ಉದ್ದನೆಯ ಕೋಲಿನ ತುದಿಗೆ ತಟ್ಟೆಯಿದ್ದ ಲೋಹಶೋಧಕವನ್ನು ಹಿಡಿದು, ಕಿವಿಗೆ ಹೆಡ್‌ಫೋನ್ ಏರಿಸಿ, ದಂಡೆಯುದ್ದಕ್ಕೂ ಗುಡಿಸುವವನಂತೆ ನಡೆಯುವುದು ಅವನ ಚಟ. ಮರಳಿನೊಳಗೆ ಲೋಹ ಇದ್ದರೆ ಅದು ಪೀಂ ಎನ್ನುತ್ತದೆ. ಸಿಕ್ಕ ಉಂಗುರ, ಬೀಗದ ಕೈಗಳನ್ನೆಲ್ಲ ಅವನು ಅಂಗಡಿಯ ಕನ್ನಡಿಯ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದ. ಕಳೆದುಕೊಂಡವರು ಕ್ಷೌರಕ್ಕೆ ಕೂತಾಗ ಕಣ್ಣಿಗೆ ಬಿದ್ದರೆ ಬಿಚ್ಚಿ ಕೊಡುತ್ತಿದ್ದ. ಊರಿನವರು ಅವನನ್ನು ಬೇಕಾದಷ್ಟು ಆಡಿಕೊಂಡಿದ್ದರು. ತಲೆಗೂದಲು ಕತ್ತರಿಸಿ ಸಾಲದೆ ಕಡಲಿಗೂ ಕ್ಷೌರ ಮಾಡಲು ಹೊರಟಿದ್ದಾನೆ ಎಂದದ್ದು ಸ್ವತಃ ಟೈಲರಮ್ಮನೇ.

ಅವಳು ಸಂಕೋಚದಿಂದ ವಿಷಯ ಹೇಳಿದಳು. ಅಮ್ಮನ ಮೆಷಿನ್ ಹುಡುಕಬೇಕು ಎಂದಳು. ಅವನು ತನ್ನ ಕೋಲು ತೋರಿಸಿ, ಮೆಷಿನ್ ಇಲ್ಲೇ ಇದೆಯಲ್ಲ ಎಂದ. ಅದಲ್ಲ, ಹೊಲಿಗೆಯದು, ನಾಳೆ ಮೆಷಿನ್ ಬರೋದರೊಳಗೆ ಎಂದಳು. ಯಾವ ಮೆಷಿನ್ ಯಾವುದನ್ನು ಹುಡುಕಬೇಕು, ಯಾವುದು ಬರಬೇಕು ಎಂದು ತಮ್ಮ ಬಿಡಿಸಿ ಹೇಳುವಷ್ಟರಲ್ಲಿ ಮೂವರ ಮುಖದಲ್ಲೂ ಚಂಡಮಾರುತದ ನಂತರದ ಮೊದಲ ನಗು ಮೂಡಿತ್ತು. ಪೀಂಪೀಂ ಅಂಗಡಿಯ ಬಾಗಿಲೆಳೆದು ಹೊರಟೇಬಿಟ್ಟ.

ಹುಡುಕುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಊರಿನ ಚಾವಣಿಗಳೆಲ್ಲ ಹಾರಿಬಂದು ಈ ಮರಳಲ್ಲೇ ಹೂತಿದ್ದವು. ಹೆಜ್ಜೆಗೊಂದು ಮೊಳೆ, ಮಾರಿಗೊಂದು ತಗಡಿನ ಚೂರು. ಆದರೆ ಪೀಂಪೀಂಗೆ ಶಬ್ದಗಳ ಕುಲಗೋತ್ರ ಗೊತ್ತಿತ್ತು. ಮೊಳೆ ಸೊಳ್ಳೆಯಂತೆ ಕುಯ್ ಎನ್ನುತ್ತದೆ, ಡಬ್ಬಿ ಕಿರುಚುತ್ತದೆ, ದೊಡ್ಡ ಕಬ್ಬಿಣ ಮಾತ್ರ ತಗ್ಗಿದ ದನಿಯಲ್ಲಿ ಎಳೆದೆಳೆದು ಮಾತಾಡುತ್ತದೆ ಎನ್ನುತ್ತಿದ್ದ. ಅಂಥ ದನಿ ಒಮ್ಮೆ ಸಿಕ್ಕಿತು. ತಮ್ಮ ಸಲಿಕೆ ಹಾಕಿದ. ಬಂದದ್ದು ಯಾರದೋ ಮನೆಯ ಮಂಚದ ಕಾಲು. ಮುಂದೆ ಕೊರೆದುಹೋದ ಹಳ್ಳ ಬಂತು. ಅದರ ತಳದಲ್ಲಿ ನೀರು ಇನ್ನೂ ಹೊಳೆಯುತ್ತಿತ್ತು. ಟೈಲರಮ್ಮ ಅದರ ಅಂಚಿಗೆ ಹೋಗಿ ನಿಂತಳು. ಯಾರೂ ಅವಳನ್ನು ಕರೆಯಲಿಲ್ಲ. ಅವಳ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ, ಅಮ್ಮನ ಹತ್ತಿರ ಕ್ಷಮೆ ಕೇಳುತ್ತಿದ್ದಳೋ.

ಕತ್ತಲಾಗುವವರೆಗೂ ಹುಡುಕಿದರು. ಮರುದಿನ ಬೆಳಗ್ಗೆ ಮತ್ತೆ ಬಂದರು.

ಬಿಸಿಲೇರುವ ಹೊತ್ತಿಗೆ ಲೋಹಶೋಧಕ ಒಂದೇ ಸಮನೆ ಕೂಗತೊಡಗಿತು. ತಮ್ಮ ಅಗೆದ, ಏನೂ ಇಲ್ಲ. ಪಕ್ಕಕ್ಕೆ ಸರಿದರೆ ಅಲ್ಲೂ ಕೂಗು. ಅಗೆದರೆ ಬರೀ ಮರಳು. ಮೂರನೆಯ ಗುಂಡಿಯೂ ಬರಿದಾದಾಗ ಪೀಂಪೀಂ ಹೆಡ್‌ಫೋನ್ ಕೆಳಗಿಳಿಸಿ ಟೈಲರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆತಂಕಕ್ಕೆ ಅವಳು ಇವತ್ತು ತಟ್ಟೆಗೆ ಅಂಟಿಕೊಂಡೇ ನಡೆಯುತ್ತಿದ್ದಳು. ಸೊಂಟದ ಚೀಲದಲ್ಲಿ ದೊಡ್ಡ ಕತ್ತರಿ ನೇತಾಡುತ್ತಿತ್ತು. ಎದೆಯ ಮೇಲೆ ಪಿನ್ನುಗಳ ಸಾಲು, ಕೊರಳಲ್ಲಿ ದಾರ ಬಿಚ್ಚುವ ಪುಟ್ಟ ಕತ್ತರಿ, ಬೆರಳಿಗೆ ಹೊಲಿಗೆಯವರ ಲೋಹದ ಟೋಪಿ. ಚಂಡಮಾರುತದ ಹಿಂದಿನ ದಿನ ಕೆಲಸದಿಂದ ಎದ್ದು ಓಡಿದವಳು ಅವನ್ನು ತೆಗೆದಿಡುವುದನ್ನೇ ಮರೆತಿದ್ದಳು.

"ಅಮ್ಮಾ, ನಾವು ಬೆಳಗ್ಗೆಯಿಂದ ನಿಮ್ಮನ್ನೇ ಅಗೀತಾ ಇದ್ದೀವಿ" ಎಂದ ಪೀಂಪೀಂ.

ತಮ್ಮ ಸಲಿಕೆ ಬಿಟ್ಟು ಮರಳಲ್ಲಿ ಕೂತು ನಕ್ಕ. ಅಕ್ಕನನ್ನು ಹುಡುಕೋಕೆ ಮೆಷಿನ್ ಯಾಕೆ, ಬೈಗುಳ ಕೇಳಿದ ಕಡೆ ಹೋದರೆ ಸಾಕು ಎಂದ. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದೊಂದಾಗಿ ಪಿನ್ನುಗಳನ್ನು ಬಿಚ್ಚಿ, ಕತ್ತರಿಗಳನ್ನೂ ಟೋಪಿಯನ್ನೂ ಸೇರಿಸಿ ಕರವಸ್ತ್ರದಲ್ಲಿ ಗಂಟುಕಟ್ಟಿ ದೂರದಲ್ಲಿಟ್ಟು ಬಂದಳು. ಮೈಯ ಭಾರದ ಜೊತೆ ಇನ್ನೇನೋ ಇಳಿದಂತಾಯಿತು. ದೇವರೇ, ನನ್ನ ಗದ್ದಲದಲ್ಲಿ ಅಮ್ಮನ ದನಿ ಕೇಳಲಿಲ್ಲವೇನೋ, ಇನ್ನು ಸುಮ್ಮನಿರುತ್ತೇನೆ ಎಂದುಕೊಂಡಳು. ತಟ್ಟೆಯಿಂದ ದೂರವೇ ನಿಂತಳು.

ಮರಳು ಮೌನವಾಯಿತು. ಪೀಂಪೀಂ ನಿಧಾನವಾಗಿ, ಹಳ್ಳದಿಂದ ಊರಿನ ಕಡೆಗೆ, ತಟ್ಟೆಯನ್ನು ಅತ್ತಿಂದಿತ್ತ ಆಡಿಸುತ್ತ ನಡೆದ. ಒಂದು ಕಡೆ ನಿಂತ. ಹಿಂದಕ್ಕೆ ಬಂದ, ಮತ್ತೆ ನಿಂತ. ಆಮೇಲೆ ಹೆಡ್‌ಫೋನ್ ತೆಗೆದು ಟೈಲರಮ್ಮನನ್ನು ಕರೆದು ಅವಳ ಕಿವಿಗೆ ಹಾಕಿದ. ತಗ್ಗಿದ ದನಿ, ಬಿಡದೆ, ಒಳಗಿನಿಂದ ಬರುತ್ತಿತ್ತು.

"ಅಮ್ಮ ಗೊಣಗ್ತಿದ್ದಾಳೆ ಕಣೋ" ಎಂದಳು ಅವಳು.

ತಮ್ಮ ಅಗೆದ. ತೋಳುದ್ದ ಆಳದಲ್ಲಿ ಸಲಿಕೆ ಠಣ್ ಎಂದಿತು. ಸಲಿಕೆ ಬಿಸಾಡಿ ಇಬ್ಬರೂ ಮಂಡಿಯೂರಿ ಕೈಯಿಂದಲೇ ಮರಳು ಬಳಿದರು. ಮೊದಲು ಜಾಲರಿಯ ಅಂಚು, ಆಮೇಲೆ ನಡುವಿನ ಹೂವು, ಆಮೇಲೆ ಹಿಮ್ಮಡಿಯ ನುಣುಪು. ಅದರ ಕೆಳಗೆ ಸಿಮೆಂಟಿನ ಚಪ್ಪಡಿ, ಒಂದು ಬಿರುಕೂ ಇಲ್ಲದೆ. ಹಳ್ಳ ಅಲ್ಲಿಂದ ಎಷ್ಟೋ ದೂರದಲ್ಲೇ ನಿಂತುಹೋಗಿತ್ತು. ಪೆಡಲಿನಿಂದ ಲೆಕ್ಕ ಹಾಕಿದರೆ, ಸ್ಮಶಾನದ ಗೋಡೆಯ ಆಚೆಗಿನ ಖಾಲಿ ದಂಡೆಯನ್ನಷ್ಟೇ ಅದು ಕೊರೆದಿತ್ತು. ಊರಿನ ಯಾರ ಹಿರಿಯರನ್ನೂ ಕಡಲು ಮುಟ್ಟಿರಲಿಲ್ಲ.

ಟೈಲರಮ್ಮ ಎದ್ದು ನಿಂತು, ಯೋಚಿಸದೆ, ಹೊಲಿಯಲು ಕೂತಾಗಿನ ಅಭ್ಯಾಸದಿಂದಲೇ ಬಲಗಾಲನ್ನು ಆ ನುಣುಪಿನ ಮೇಲಿಟ್ಟಳು. ಒತ್ತಿದಳು. ಕಬ್ಬಿಣದ ಕಿವಿಗಳಲ್ಲಿ ಮರಳೂ ತುಕ್ಕೂ ಸೇರಿ ಅದು ಅಲುಗಲಿಲ್ಲ.

"ತುಕ್ಕು ಹಿಡಿದಿದೆ. ಎಣ್ಣೆ ಹಾಕೋ ಇದಕ್ಕೆ" ಎಂದಳು. "ಅವಳಿಗೆ ಬಿಗಿ ಪೆಡಲು ಆಗ್ತಿರಲಿಲ್ಲ."

ತಮ್ಮ ತಲೆಯೆತ್ತಲಿಲ್ಲ. ಆಗಲಿ ಎಂದ. ಅವನ ಕಣ್ಣಲ್ಲಿ ಮರಳು ಬಿದ್ದಿತ್ತು ಎಂದು ಪೀಂಪೀಂ ಆಮೇಲೆ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ; ಎಲ್ಲರೂ ಹಾಗೇ ನಂಬಿದರು.

ಸುದ್ದಿ ಕಡಲ ಬೀದಿಯಲ್ಲಿ ಹಬ್ಬಿತು. ಜನ ಕೋಲುಗಳನ್ನು ಹಿಡಿದು ಬಂದರು. ಪೆಡಲು ಸಿಕ್ಕಿದ್ದೇ ತಡ, ಉಳಿದವರೆಲ್ಲ ತಾವಾಗಿಯೇ ಸಿಕ್ಕಿದಂತಾಯಿತು. ಪೆಡಲಿನ ಎಡಕ್ಕೆ ನಮ್ಮಪ್ಪ ಎಂದ ಒಬ್ಬ. ಅದರ ಆಚೆ ನಮ್ಮತ್ತೆ, ಬದುಕಿದ್ದಾಗ ಜಗಳ, ಆದರೂ ಪಕ್ಕದಲ್ಲೇ ಎಂದಳು ಇನ್ನೊಬ್ಬಳು. ಹಿಂದೆ ಆ ಪೆಡಲನ್ನು ನೋಡಿ ಮೂಗು ಮುರಿದವರೇ ಅದರ ಪಕ್ಕ ನಿಂತು ಹೆಜ್ಜೆ ಅಳೆದರು. ಮಧ್ಯಾಹ್ನವಾಗುವಷ್ಟರಲ್ಲಿ ಸ್ಮಶಾನದ ನಾಲ್ಕೂ ಮೂಲೆಗೆ ಕೋಲು ನೆಟ್ಟು ಹಗ್ಗ ಬಿಗಿದಾಗಿತ್ತು.

ಟೈಲರಮ್ಮ ಕೋಲು ನೆಡಲಿಲ್ಲ. ಅಗೆದ ಮರಳಿನ ದಿಬ್ಬಕ್ಕೆ ಬೆನ್ನು ಕೊಟ್ಟು, ಸ್ವಲ್ಪ ಕೂತಿರುತ್ತೇನೆ ಎಂದವಳು ಅಲ್ಲೇ ಒರಗಿದಳು. ಬಾಯಿ ತೆರೆದು, ಕಾಲು ಚಾಚಿ, ಸಣ್ಣಗೆ ಗೊರಕೆ ಹೊಡೆಯತೊಡಗಿದಳು. ಪೀಂಪೀಂ ತನ್ನ ಟವೆಲನ್ನು ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ಎರಡು ಕೋಲಿಗೆ ಕಟ್ಟಿದ. ಜನ ಮಾತು ತಗ್ಗಿಸಿದರು.

ಆಗಲೇ ಮರಳೆತ್ತುವ ಯಂತ್ರ ಗುಡುಗುಟ್ಟುತ್ತ ಬಂತು. ತಮ್ಮ ಓಡಿಹೋಗಿ ಕೈಯೆತ್ತಿ ತಡೆದು, ಸ್ವಲ್ಪ ಹೊತ್ತು ಎಂಜಿನ್ ಆರಿಸಬೇಕು, ಮಲಗಿದ್ದಾರೆ ಎಂದ.

ಡ್ರೈವರ್ ಹಗ್ಗದ ಒಳಗೆ ಇಣುಕಿದ. "ಯಾರು?"

"ನಮ್ಮಕ್ಕ, ನಮ್ಮಮ್ಮ. ಇಬ್ಬರೂ."

ಡ್ರೈವರ್ ಎಂಜಿನ್ ಆರಿಸಿ, ಕೆಳಗಿಳಿದು, ಯಂತ್ರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ. ಕಡಲು ಆಚೆ ತನ್ನ ಜಾಗದಲ್ಲಿ ಸದ್ದಿಲ್ಲದೆ ಇತ್ತು. ತಮ್ಮ ಎಣ್ಣೆಯ ಡಬ್ಬಿ ತರಲು ಮನೆಯ ಕಡೆ ನಡೆದ.