ಕೆಳರೆಪ್ಪೆಯ ಕೆಂಪು

ಕೆಂಪು, ಇವಳ ರೆಪ್ಪೆಯ ಒಳಗೆಲ್ಲ ಎಂಥ ಕೆಂಪು, ತಂಗಿ ಟೀಗೆ ಎರಡನೆಯ ಚಮಚ ಸಕ್ಕರೆ ಹಾಕಿ ಕಲಕುತ್ತಿದ್ದಾಳೆ, ಆ ಟಿಣಿಟಿಣಿ ಬೇಕೆಂದೇ ಮಾಡಿದ ಹಾಗಿದೆ — ಅಕ್ಕ ತಮ್ಮದೇ ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಕುರ್ಚಿಯಲ್ಲಿ ಕೂತಿದ್ದಾಳೆ, ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು, ಆರು ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿಲ್ಲ. ಇಬ್ಬರಿಗೂ ಸಕ್ಕರೆ ಕಾಯಿಲೆ ಬಂದದ್ದು ಒಂದೇ ವರ್ಷ, ಒಂದೇ ತಾಯಿಯ ಮಕ್ಕಳಿಗೆ ಸಮಪಾಲು. ಅಕ್ಕ ತುತ್ತು ಎಣಿಸಿ ತಿಂದಳು, ತಂಗಿ ಡಬ್ಬಿಯಲ್ಲಿ ಬಿಸ್ಕತ್ತು ಉಳಿಸಿದ್ದೇ ಇಲ್ಲ, ಉಪ್ಪು ತಿಂದವರು ನೀರು ಕುಡಿಯಬೇಕಂತೆ, ಇಲ್ಲಿ ತಿಂದವಳು ಒಬ್ಬಳು, ಕುಡಿಯುವವಳು ಇನ್ನೊಬ್ಬಳು. ಬೆಳಿಗ್ಗೆ ಡಾಕ್ಟರು ಹೆಬ್ಬೆರಳಿನಿಂದ ಅಕ್ಕನ ಕೆಳರೆಪ್ಪೆ ಎಳೆದು ನೋಡಿದರು, ಬಿಳಿಚಿಕೊಂಡಿದೆಯಮ್ಮ, ಹನ್ನೆರಡಿರಬೇಕಾದ ರಕ್ತ ಎಂಟಕ್ಕೆ ಇಳಿದಿದೆ, ಸಕ್ಕರೆ ಮೊದಲು ತಿನ್ನೋದು ಕೂದಲೆಳೆಯಂಥ ರಕ್ತನಾಳಗಳನ್ನ, ಕಿಡ್ನಿಯಲ್ಲಿ ತಿಂದಿದೆ, ಅದಕ್ಕೇ ರಕ್ತ ಸರಿಯಾಗಿ ಹುಟ್ತಿಲ್ಲ, ಕಣ್ಣಿನ ಹಿಂದೆಯೂ ಸೋರ್ತಿರಬಹುದು, ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ, ತಡ ಮಾಡಿದ್ರೆ ಹೋದ ದೃಷ್ಟಿ ವಾಪಸು ಬರಲ್ಲ — ಜೊತೆಗೆ ಬಂದವಳು ಸುಮ್ಮನೆ ಕೂರಬಾರದೇ, ನಂದೂ ನೋಡಿ ಡಾಕ್ಟ್ರೇ ಎಂದು ತಾನೇ ರೆಪ್ಪೆ ಎಳೆದು ತೋರಿಸಿದಳು, ಕೆಂಪು, ಆಗ ತಾನೇ ಬಳಿದ ಬಣ್ಣದಂತೆ, ಡಾಕ್ಟರು ನಕ್ಕರು, ಅಕ್ಕನಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ, ಒಡಹುಟ್ಟಿದವಳ ರಕ್ತ ಕಂಡು ಉರಿಯಿತು.

ನನಗೆ ಕಣ್ಣು ಗೊತ್ತಿಲ್ಲವೇ, ಊರಿನ ಅರ್ಧ ಜನರ ಮೂಗಿನ ಮೇಲೆ ನಾನು ಕೊಟ್ಟ ಕನ್ನಡಕವೇ ಇದೆ, ಎಂದು ಅಕ್ಕ ದಾರಿಯುದ್ದಕ್ಕೂ ವಾದಿಸಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಇವಳು ಮಾತ್ರ ಕಣ್ಣು ಮಂಜಾದಾಗಲೆಲ್ಲ ಗಾಜು ಬದಲಾಯಿಸಿದಳು, ಒಂದೇ ವರ್ಷದಲ್ಲಿ ಮೂರು ಸಲ, ಕೌಂಟರಿನ ಹಿಂದೆ ನಿಂತು ಗೋಡೆಯ ಅಕ್ಷರದ ಹಲಗೆಯನ್ನು ತಾನೇ ಓದಿ ತಾನೇ ಪಾಸು. ಈಗ ತಂಗಿ ಲೋಟ ಕೆಳಗಿಟ್ಟಳು, ಹಾಗಾದ್ರೆ ಓದಕ್ಕ, ಕೊನೇ ಸಾಲು. ಅಕ್ಕ ಓದಿದಳು, ರ ಗ ದ ಪ ಲ, ಎಲ್ಲೂ ತಡವರಿಸದೆ, ತಗೋ, ಕೆಂಪು ರೆಪ್ಪೆಯವಳೇ, ಇದರಲ್ಲಾದರೂ ನಾನೇ ಮೇಲು. ತಂಗಿ ಮೆಲ್ಲಗೆ, ಅಕ್ಕ, ನೀನು ಓದಿದ್ದು ಹಳೇ ಹಲಗೆ, ನೀನು ಮೆಟ್ಟಿಲು ಹತ್ತಿ ಬರೋಷ್ಟರಲ್ಲಿ ನಾನು ಬೇರೆ ತಗುಲಿಹಾಕಿದೆ.

ಬೇರೆ — ಇಪ್ಪತ್ತೆರಡು ವರ್ಷ ಗಿರಾಕಿಗಳ ಬಾಯಿಂದ ಕೇಳಿ ಕೇಳಿ ಬಾಯಿಪಾಠವಾದ ಸಾಲು, ಅದನ್ನೇ ನೋಟ ಅಂದುಕೊಂಡೆನೇ, ಎದ್ದು ಹೋಗಿ ಹಲಗೆ ಮುಟ್ಟಿ ನೋಡಬೇಕು, ಇನ್ನು ಕೌಂಟರಿನ ಹಿಂದೆ ಇವಳೇ ನಿಲ್ಲುತ್ತಾಳೆ, ಓದಿ ಅನ್ನುವವಳೂ ಇವಳೇ, ಎರಡು ಚಮಚ ಸಕ್ಕರೆಯವಳು, ಇವಳು ಗೆದ್ದಳು — ತಂಗಿ ಬಂದು ಮುಂದೆ ಕುಕ್ಕರಿಸಿದ್ದಾಳೆ, ನಾಳೆ ಅಂಗಡಿ ಮುಚ್ಚೋಣ, ಕಣ್ಣಿನ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ, ಮುಖ ಮಸುಕು, ಬಾಯಿ ಮಸುಕು, ನಗುತ್ತಿದ್ದಾಳೋ ಅಳುತ್ತಿದ್ದಾಳೋ, ದನಿ ಮಾತ್ರ ಒಡೆದಿದೆ, ಬೆರಳಿನಿಂದ ಕಣ್ಣೊರೆಸಿಕೊಂಡಳು, ಕೆಳರೆಪ್ಪೆ ಜಗ್ಗಿತು, ಅಷ್ಟೇ ಕಂಡಿತು, ಕೆಂಪು